ಗುರುತು ಬೀಳದ ಬ್ರೇಕು

ಮಾನ್ಯ ಪರವಾನಗಿ ಅಧಿಕಾರಿಗಳೇ,

ಬೈಕನ್ನು ಬೀಳದೆ, ಜಾರದೆ, ಹೇಳಿದ ಜಾಗದಲ್ಲೇ ನಿಲ್ಲಿಸಿದ ಅಪರಾಧಕ್ಕಾಗಿ ನಿಮ್ಮ ಕಚೇರಿ ನನ್ನನ್ನು ಮೂರು ಬಾರಿ ನಪಾಸು ಮಾಡಿದೆ. ಬ್ರೇಕ್ ಪರೀಕ್ಷೆಯ ನಮೂನೆಯಲ್ಲಿ ‘ನೆಲದ ಮೇಲೆ ಟಯರಿನ ಗುರುತು ಎಷ್ಟು ಉದ್ದ?’ ಎಂಬ ಅಂಕಣವಿದೆ. ಗುರುತಿಲ್ಲದಿದ್ದರೆ ಬ್ರೇಕ್ ಹಿಡಿದೇ ಇಲ್ಲವೆಂದು ಲೆಕ್ಕ. ಈ ನಮೂನೆ ಅಚ್ಚಾದಾಗ ನಾನೂ ಹುಟ್ಟಿರಲಿಲ್ಲ, ಚಕ್ರ ಜಾರದಂತೆ ಕಾಯುವ ಎಬಿಎಸ್ ಬ್ರೇಕೂ ಹುಟ್ಟಿರಲಿಲ್ಲ. ನಾನು ಹುಟ್ಟಿದ್ದಕ್ಕೆ ಮೂರು ಪ್ರತಿ ದಾಖಲೆ ಪಡೆದಿದ್ದೀರಿ. ಎಬಿಎಸ್ ಹುಟ್ಟಿದ ಸುದ್ದಿ ಮಾತ್ರ ನಿಮಗಿನ್ನೂ ಮುಟ್ಟಿದಂತಿಲ್ಲ.

ನಾನು ಜಾವಾ ದ್ವೀಪದ ಬೆಟ್ಟದ ಮೇಲಿನ ಏಳು ಹಳ್ಳಿಗಳ ಸರಕಾರಿ ಸೂಲಗಿತ್ತಿ. ಆಲೂಗಡ್ಡೆ ಹೊಲಗಳ ನಡುವಿನ ಕೆಸರು ಇಳಿಜಾರಿನಲ್ಲಿ ಹಳೆಯ ಸ್ಕೂಟರು ನನ್ನನ್ನು ಎರಡು ಸಲ ಚರಂಡಿಗೆ ಇಳಿಸಿದ ಮೇಲೆ ಇಲಾಖೆ ಅದನ್ನು ಹಿಂಪಡೆದು ಈ ದೊಡ್ಡ ಬೈಕು ಕೊಟ್ಟಿತು. ಇದಕ್ಕೆ ಬೇರೆ ಪರವಾನಗಿ ಬೇಕು.

ಮೊದಲ ಸಲ, ಮರ್ಯಾದೆಗೆ ನಾನು ‘ಪಾಕ್’ ಎನ್ನುವ, ನನ್ನನ್ನು ‘ಬು’ ಎನ್ನುವ ಪರೀಕ್ಷಕ ಪಾಕ್ ಮರ್ಗೊನೊ ಮೊಣಕಾಲೂರಿ ನೆಲವನ್ನೆಲ್ಲ ಹುಡುಕಿದರು. ನಾನು ವಿವರಿಸಿದೆ: ಚಕ್ರ ತಿರುಗುವುದು ಪೂರ್ತಿ ನಿಂತರೆ ಟಯರು ಜಾರುತ್ತದೆ, ಗುರುತು ಬೀಳುತ್ತದೆ, ಸವಾರನೂ ಬೀಳುತ್ತಾನೆ. ಚಕ್ರ ಹಾಗೆ ಕಚ್ಚಿಕೊಳ್ಳುವ ಹೊತ್ತಿಗೆ ಎಬಿಎಸ್ ಬ್ರೇಕನ್ನು ಕಣ್ಣು ಮಿಟುಕಿಸುವುದರೊಳಗೆ ಹಲವು ಸಲ ಬಿಟ್ಟು ಬಿಟ್ಟು ಹಿಡಿಯುತ್ತದೆ. ಅವರು ಶ್ರದ್ಧೆಯಿಂದ ಕೇಳಿ, ಅಷ್ಟೇ ಶ್ರದ್ಧೆಯಿಂದ ‘ನಪಾಸು’ ಎಂದು ಬರೆದರು.

ಎರಡನೆಯ ಸಲ ಅವರೇ ದಾರಿ ಹುಡುಕಿದ್ದರು. “ನೀವು ಮಳೆಗಾಲದ ‘ರೇನ್ ಮೋಡ್’ನಲ್ಲಿ ಓಡಿಸ್ತೀರ ಬು, ಅದಕ್ಕೇ ಮೆತ್ತಗೆ ನಿಲ್ಲತ್ತೆ. ಸ್ಪೋರ್ಟ್‌ಗೆ ಹಾಕಿ.” ಸ್ವಾಮಿ, ನನ್ನ ಬೈಕಿನ ‘ಮೋಡ್’ ಎಂಜಿನ್ನಿಗೆ ಬುದ್ಧಿ ಹೇಳುತ್ತದೆಯೇ ಹೊರತು ಬ್ರೇಕಿಗಲ್ಲ. ‘ರೇನ್’ನಲ್ಲಿ ಎಕ್ಸಲರೇಟರ್ ತಿರುವಿದರೆ ಅದು ಯೋಚಿಸಿ ಹೊರಡುತ್ತದೆ; ಸ್ಪೋರ್ಟಿನಲ್ಲಿ ಹೊರಟ ಮೇಲೆ ಯೋಚಿಸುತ್ತದೆ. ಅಪ್ಪಣೆ ಪಾಲಿಸಿದೆ. ಹೊರಟ ರಭಸಕ್ಕೆ ಬೈಕು ಬೆಂಚಿನತ್ತ ನುಗ್ಗಿತು. ಸರದಿಗಾಗಿ ಕೂತಿದ್ದವರು ಸಮಯಕ್ಕೆ ಸರಿಯಾಗಿ ಎದ್ದರು, ಬೆಂಚು ಏಳಲಿಲ್ಲ. ಆದರೂ ಬ್ರೇಕ್ ಹಿಡಿದಾಗ ಹೇಳಿದ ಜಾಗದಲ್ಲೇ ನಿಂತಿತು, ಗುರುತು ಅಂದೂ ಬೀಳಲಿಲ್ಲ.

ಅದರ ಮರುವಾರ ಮೇಲಿನ ಹಳ್ಳಿಯಿಂದ ಕರೆ ಬಂತು. ಪರವಾನಗಿಯಿಲ್ಲದೆ ಬೈಕು ಒಯ್ಯುವಂತಿಲ್ಲ, ಎರಡು ಗಂಟೆ ನಡೆದು ಹೋದೆ. ಮಗು ನನಗಿಂತ ಮೊದಲೇ ಬಂದಿತ್ತು, ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು. ಅಜ್ಜಿ ಕೈಯಾರೆ ಬಿಡಿಸಿದ್ದಳು. ಮಗು ಉಳಿದಿದೆ. ತಡವಾಯಿತೆಂದು ಯಾರೂ ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು.

ಮೂರನೆಯ ಸಲ ನನ್ನ ಸರದಿ ಮುಗಿದ ಮೇಲೆ, ಬ್ರೇಕು ಹಿಡಿಯುವುದು ಹೇಗೆಂದು ತೋರಿಸಲು ಪಾಕ್ ಮರ್ಗೊನೊ ತಾವೇ ಬೈಕು ಹತ್ತಿದರು. ತುಂತುರು ಬಿದ್ದು ನೆಲ ಒದ್ದೆಯಾಗಿತ್ತು. ಕ್ಯಾಂಟೀನಿನ ಆಡು ಅಡ್ಡ ಬಂತು. ಅವರು ಇದ್ದಬದ್ದ ಬಲವನ್ನೆಲ್ಲ ಹಾಕಿ ಬ್ರೇಕ್ ಹಿಡಿದರು. ಬೈಕು ಆಡಿಗೆ ಒಂದು ಗೇಣು ಈಚೆ, ನೆಟ್ಟಗೆ ನಿಂತಿತು. ಆಡು ಚಕ್ರವನ್ನು ಮೂಸಿ ಮುಂದೆ ಹೋಯಿತು.

“ಕೈಯೊಳಗೆ ಗಡಗಡ ಅಂತು ಬು. ಕೆಟ್ಟಿದೆಯೇನೋ.”

“ಕೆಟ್ಟಿಲ್ಲ ಪಾಕ್. ನಿಮ್ಮನ್ನ ಬೀಳಿಸದ ಹಾಗೆ ನೋಡ್ಕೊಂಡಿದ್ದೇ ಅದು.”

ಅವರು ಇಳಿದು ನೆಲ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಖಾಲಿ ನಮೂನೆ ತೆಗೆದು, ತಮ್ಮ ಹೆಸರು ಬರೆದು, ಗುರುತಿನ ಅಂಕಣದಲ್ಲಿ ‘ಇಲ್ಲ’ ಎಂದು ತುಂಬಿ, ಕೆಳಗೆ ‘ನಪಾಸು’ ಎಂದು ಬರೆದು ಸಹಿ ಮಾಡಿದರು. ಇಪ್ಪತ್ತೆರಡು ವರ್ಷದಿಂದ ಪ್ರಾಮಾಣಿಕವಾಗಿ ಕೆಲಸ ಮಾಡಿದವರು, ಇನ್ನೇನು ಮಾಡಿಯಾರು?

ಆದ್ದರಿಂದ ಆ ಅಂಕಣವನ್ನು ಹೊಡೆದುಹಾಕಿ. ಬೈಕು ಎಷ್ಟು ದೂರದೊಳಗೆ ನಿಂತಿತು ಎಂದು ಅಳೆಯಿರಿ. ಈ ತಿಂಗಳೇ ಅಳೆಯಿರಿ. ನನ್ನ ಹಳ್ಳಿಗಳಲ್ಲಿ ನಾಲ್ವರಿಗೆ ದಿನ ತುಂಬುತ್ತಿದೆ, ಅವರ ಮಕ್ಕಳು ಯಾವ ನಮೂನೆಗೂ ಕಾಯುವುದಿಲ್ಲ.

ಇಂತಿ,
ಮೂರು ಸಲವೂ ಸರಿಯಾಗಿ ನಿಂತು ಸೋತ,
ವಿದ್ಯಾನಿಂಗ್ರುಮ್, ಸೂಲಗಿತ್ತಿ

ಓದಿ ಒಪ್ಪಿದ್ದೇನೆ: ಮರ್ಗೊನೊ, ಪರೀಕ್ಷಕ (ನಪಾಸು)