ಎಂ.ಎಸ್ಸಿ. ಅರ್ಜಿ ಮತ್ತು ಮೇಷ್ಟ್ರ ಎಡಗೈ

ನಮ್ಮ ಮನೆಯ ಶಿಕ್ಷಣ ಮಂತ್ರಿಗಳಾದ ಅಪ್ಪನವರಿಗೆ ಹೊಸ ನರ್ಸಮ್ಮನ ಸಾಷ್ಟಾಂಗ.

‘ಕೆಲಸ ಆಮೇಲೆ, ಈ ವರ್ಷವೇ ಎಂ.ಎಸ್ಸಿ. ಸೇರು’ ಎಂಬ ತಮ್ಮ ಅಪ್ಪಣೆ ತಲುಪಿತು. ಇಂದು ಡ್ರಿಪ್ ಹಾಕಲು ಹೋದ ತಮ್ಮ ಭಾವಿ ಪ್ರೊಫೆಸರಿಗೆ, ಅಂದರೆ ನನಗೆ, ಮೂರು ಸಲ ಚುಚ್ಚಿದರೂ ರೋಗಿಯ ಬಲಗೈಯಲ್ಲಿ ನರ ಸಿಗಲಿಲ್ಲ. ರೋಗಿ ನಿವೃತ್ತ ಮೇಷ್ಟ್ರು. “ಮುಂದೇನಮ್ಮಾ ಮಾಡ್ತೀಯ?” ಎಂದರು.

“ಓದಿ, ನರ್ಸುಗಳಿಗೆ ಪಾಠ ಹೇಳ್ತೀನಿ ಸಾರ್.”

“ಅಯ್ಯಯ್ಯೋ! ಹಾಗಾದ್ರೆ ಎಡಗೈನೂ ತಗೋ, ಮೊದಲು ನೀನು ಕಲಿ” ಎಂದು ಚಾಚಿಯೇಬಿಟ್ಟರು. ಅಲ್ಲಿ ಸಿಕ್ಕಿತು.

ನಿಂತು ನಿಂತು ಕಾಲು ಕುಂಬಳಕಾಯಿಯಾಗಿದೆ, ಉಳಿದಂತೆ ಕ್ಷೇಮ. ಶುಕ್ರವಾರ ಅರ್ಜಿಗೆ ಕೊನೆಯ ದಿನವೆಂದು ದಯವಿಟ್ಟು ಅಂಚೆ ಕಚೇರಿಗೆ ಓಡಬೇಡಿ. ಮೊದಲು ಎರಡು ವರ್ಷ ವಾರ್ಡಿನಲ್ಲೇ ಇದ್ದು ಕಲಿಯುತ್ತೇನೆ, ಎಂ.ಎಸ್ಸಿ. ಆಮೇಲೆ. ಬೆಲ್ ಹೊಡೆಯುತ್ತಿದೆ, ಮೇಷ್ಟ್ರೇ ಇರಬೇಕು. ಇನ್ನು ಮುಂದೆ ಎಲ್ಲ ಸೂಜಿಗೂ ನನ್ನನ್ನೇ ಕಳಿಸಬೇಕಂತೆ.

ಅವಸರದಲ್ಲಿ,
ಮಗಳು