ಬಾಯಿ, ಕಣ್ಣು, ಮೂರನೆಯವನು

ಸೋಮವಾರ, ಮಾರ್ಚ್ 9

ಪ್ರೀತಿಯ ಕಣ್ಣಕ್ಕನಿಗೆ ನಿನ್ನ ಬಾಯಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಕಾರ್ಡು ಬಂದು ಮೂರು ವಾರವಾಯಿತು. ಇಷ್ಟು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಚೆನ್ನಾಗಿ ಬೈದುಬಿಡು. ಕೆಲಸ ಜಾಸ್ತಿ ಅಂತ ಹೇಳಬಹುದಿತ್ತು, ಆದರೆ ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವಳಿಗೆ ನನ್ನ ನೆಪಗಳೆಲ್ಲ ಬಾಯಿಪಾಠವಾಗಿರುತ್ತವೆ.

ನಮ್ಮ ಆಸ್ಪತ್ರೆಯ ಔಷಧ ವಿಭಾಗದ ಹೊಸಬರಿಗೆ ಎರಡು ತಿಂಗಳು ಕೆಲಸ ಹೇಳಿಕೊಡು ಬಾ ಎಂದು ಕರೆದರೆ ನೀನು ಬರೆದದ್ದು ಒಂದೇ ಸಾಲು: 'ಕಣ್ಣು ಕೈಕೊಟ್ಟವಳನ್ನು ಯಾಕೆ ಕರೀತೀಯೇ?' ಒಂಬತ್ತು ವರ್ಷದಿಂದ ನಿನ್ನದು ಇದೇ ರಾಗ. ಆ ದರ್ಜಿಗೆ ಇಂಜೆಕ್ಷನ್ನಿನ ಪ್ರಮಾಣ ಹೆಚ್ಚಾಗಿ ಎರಡೂ ಕಿವಿ ಕೇಳಿಸದಂತಾದಾಗ ಸಹಿ ನಿನ್ನದಿತ್ತು, ಸರಿ. ರಾಜೀನಾಮೆ ಬರೆದಿಟ್ಟು ಹೋದೆ. ಅಲ್ಲಿಗೂ ನಿಲ್ಲಿಸಲಿಲ್ಲವಲ್ಲ! ಕಣ್ಣಿನ ಡಾಕ್ಟರು ಏನೂ ದೋಷವಿಲ್ಲ ಎಂದು ಮೂರು ಸಲ ಬರೆದುಕೊಟ್ಟರೂ ಸೂಜಿಗೆ ದಾರ ಪೋಣಿಸಿ, 'ಹೋಯ್ತಾ ನೋಡು' ಎಂದು ಸೊಸೆಗೆ ತೋರಿಸುತ್ತೀಯಂತೆ. ಬಂದ ಕಾಗದವನ್ನೂ ಅವಳ ಕೈಲೇ ಓದಿಸುತ್ತೀಯಂತೆ. ಅವಳು ಫೋನಿನಲ್ಲಿ ಇದನ್ನೆಲ್ಲ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಈ ಸಲ ನಿನ್ನನ್ನು ಕರೆಸಿಕೊಳ್ಳದೆ ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ನೀನು ಬಾಟಲಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ ಕಿಟಕಿ ನೆನಪಿದೆಯಲ್ಲ, ಅಲ್ಲೀಗ ಒಂದು ಪರದೆ ಬಂದು ಕೂತಿದೆ. ಕೃತಕ ಬುದ್ಧಿಮತ್ತೆಯಂತೆ. ವಾರ್ಡಿನಿಂದ ಬಂದ ಚೀಟಿ, ರೋಗಿಯ ರಕ್ತಪರೀಕ್ಷೆ, ತೂಕ, ಹಿಂದೆ ಕೊಟ್ಟ ಔಷಧಿಗಳು, ಎಲ್ಲವನ್ನೂ ಒಟ್ಟಿಗೆ ನೋಡಿ, ಸರಿಯಿದ್ದರೆ ಹಸಿರು ದೀಪ ತೋರಿಸುತ್ತದೆ, ಅನುಮಾನವಿದ್ದರೆ ಕೆಂಪು. ನಾವು ಅದಕ್ಕೆ 'ಮೂರನೆಯವನು' ಎಂದು ಹೆಸರಿಟ್ಟಿದ್ದೇವೆ. ಮೊದಮೊದಲು ನಾನು ಮೂಗು ಮುರಿದೆ. 'ಥೇಟ್ ನಮ್ಮ ಯಜಮಾನರ ಹಾಗೆ, ಕೂತಲ್ಲಿಂದಲೇ ತಪ್ಪು ಹುಡುಕುತ್ತೆ' ಅಂದೆ.

ಎರಡನೇ ವಾರದಲ್ಲೇ ನನ್ನ ಬಾಯಿ ಮುಚ್ಚಿಸಿತು. ಹೃದಯದ ತೊಂದರೆಯ ಹೆಂಗಸೊಬ್ಬಳಿಗೆ ಒಬ್ಬ ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಬರೆದಿದ್ದರು. ನಾಲ್ಕು ದಿನ ಕಳೆದು ಇನ್ನೊಬ್ಬ ಡಾಕ್ಟರು ಮಂಡಿನೋವಿಗೆ ಬೇರೊಂದು ಬರೆದರು. ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ. ಎರಡು ಚೀಟಿ, ಎರಡು ದಿನ, ಎರಡು ವಾರ್ಡು, ನಮ್ಮ ಕೈಗೆ ಅವು ಒಟ್ಟಿಗೆ ಸಿಗುವುದೇ ಇಲ್ಲ. ಮೂರನೆಯವನು ಕೆಂಪು ತೋರಿಸಿದ. ಆಕೆ ನಡೆದುಕೊಂಡು ಮನೆಗೆ ಹೋದಳು. ಇಂಥವು ಆರು ತಿಂಗಳಲ್ಲಿ ಹನ್ನೊಂದು ಸಿಕ್ಕಿವೆ. ಹನ್ನೊಂದು ಮನೆಗಳು ಅಕ್ಕ! ಖುಷಿಯಿಂದ ಕಣ್ಣಲ್ಲಿ ನೀರು ಬಂತು ಎಂದರೆ ನೀನು ನಂಬಬೇಕು.

ಆದರೆ ಕೆಂಪು ದೀಪದಿಂದ ಆದ ಒಳ್ಳೆಯದನ್ನು ಹಸಿರು ದೀಪ ತಿನ್ನತೊಡಗಿತು. ಹಸಿರು ಕಂಡರೆ ಸಾಕು, ನಮ್ಮವರು ಬಾಟಲಿಯ ಮುಖ ಸಹ ನೋಡದೆ ಕೊಟ್ಟು ಕಳಿಸುತ್ತಿದ್ದರು. ಗಟ್ಟಿಯಾಗಿ ಓದುವುದೇ ನಿಂತುಹೋಯಿತು. ಹೋದ ತಿಂಗಳು ಹೊಸಬಳೊಬ್ಬಳು, 'ಮೇಡಂ, ಗೋಡೆ ಮೇಲೆ ಬಾಯಿ, ಕಣ್ಣು ಅಂತ ಬರೆದಿದೆಯಲ್ಲ, ಏನದು?' ಎಂದು ಕೇಳಿದಳು. ಕೂರಿಸಿಕೊಂಡು ಹೇಳಿದೆ: ಪಾಳಿಯ ಇಬ್ಬರಲ್ಲಿ ಒಬ್ಬರು ಬಾಯಿ, ಇನ್ನೊಬ್ಬರು ಕಣ್ಣು. ಬಾಯಿ ಚೀಟಿ ಹಿಡಿದು ಗಟ್ಟಿಯಾಗಿ ಓದಬೇಕು, ಓದಿದ್ದನ್ನು ತನ್ನ ಕೈಯಿಂದಲೇ ರಿಜಿಸ್ಟರಿನಲ್ಲಿ ಬರೆಯಬೇಕು. ಕಣ್ಣು ಚೀಟಿಯನ್ನು ನೋಡಲೇಕೂಡದು. ಕಿವಿಗೆ ಬಿದ್ದದ್ದಕ್ಕೂ ಬಾಟಲಿಯ ಮೇಲಿರುವುದಕ್ಕೂ ತಾಳೆಯಾದರೆ ಮಾತ್ರ ಸಹಿ. 'ಅಯ್ಯೋ, ಶಾಲೆ ಮಕ್ಕಳ ಹಾಗೆ!' ಎಂದು ನಕ್ಕಳು. 'ನಗು, ಆದರೂ ಓದು' ಅಂದೆ.

ಮೂರನೇ ದಿನ ಅವಳೇ ಓದುತ್ತಿದ್ದಳು. ದೀಪ ಹಸಿರಾಗಿತ್ತು. 'ಹೆಣ್ಣುಮಗು, ವಯಸ್ಸು ಆರು, ತೂಕ ಅರವತ್ತೆರಡು ಕಿಲೋ' ಎಂದಳು. ಎಲ್ಲರೂ ಗೊಳ್ಳೆಂದು ನಕ್ಕೆವು. ಆಮೇಲೆ ಒಬ್ಬೊಬ್ಬರದೇ ನಗು ನಿಂತಿತು. ವಾರ್ಡಿನಲ್ಲಿ ಮಗುವನ್ನು ಎತ್ತಿಕೊಂಡಿದ್ದ ತಾಯಿಯ ತೂಕವನ್ನೇ ಯಾರೋ ಮಗುವಿನ ಹೆಸರಿಗೆ ಬರೆದಿದ್ದರು. ಅರವತ್ತೆರಡು ಕಿಲೋಗೆ ಆ ಪ್ರಮಾಣ ಸರಿ, ವಯಸ್ಸಿಗೆ ತೂಕ ಹೊಂದುತ್ತದೆಯೇ ಎಂದು ಅವನು ನೋಡುವುದಿಲ್ಲ, ಅದಕ್ಕೇ ಮೂರನೆಯವನು ಹಸಿರು ತೋರಿಸಿದ್ದ. ಕೊಟ್ಟಿದ್ದರೆ ಮಗು ಉಳಿಯುತ್ತಿರಲಿಲ್ಲ. ಹೊಸಬಳು ಸ್ಟೂಲಿನ ಮೇಲೆ ಕೂತುಬಿಟ್ಟಳು, ನಿನ್ನ ಸ್ಟೂಲಿನ ಮೇಲೆಯೇ. ನೀರು ಕುಡಿಸಿದೆ.

ಅದೇ ವಾರ ದೊಡ್ಡ ಡಾಕ್ಟರು ಸಭೆ ಕರೆದರು. 'ಯಂತ್ರ ನೋಡ್ಕೊಳ್ಳುತ್ತಲ್ಲಮ್ಮ, ಇನ್ನು ಪಾಳಿಗೆ ಇಬ್ಬರು ಯಾಕೆ, ಒಬ್ಬರು ಸಾಲದಾ?' ಎಂದರು. ನಾನು ಬಿಡುತ್ತೇನೆಯೇ? 'ಸಾರ್, ಅದು ಇರಲೇಬೇಕು. ಅದನ್ನ ಕಿತ್ತುಕೊಂಡು ಹೋಗೋಕೆ ಬಂದರೆ ಮೊದಲು ನಾನೇ ಅಡ್ಡ ಮಲಗ್ತೀನಿ. ಆದರೆ ನಾವು ತಪ್ಪು ಬರೆದುಕೊಟ್ಟರೆ ಅದು ಆ ತಪ್ಪನ್ನೇ ನಂಬುತ್ತೆ. ಅರವತ್ತೆರಡು ಕಿಲೋ ಅಂದರೆ ಅದಕ್ಕೆ ನಗು ಬರಲ್ಲ. ನಗೋಕೆ ಇಬ್ಬರು ಬೇಕು ಸಾರ್' ಎಂದೆ. ಅವರು ಗಲ್ಲ ಕೆರೆದುಕೊಂಡರು. ಕೊನೆಗೆ ನಾನು ಹೇಳಿದ ಹಾಗೆಯೇ ಲಿಖಿತ ಆದೇಶವಾಯಿತು: ಮೊದಲು ಬಾಯಿ ಓದಬೇಕು, ಆಮೇಲೆ ಕಣ್ಣು ಸಹಿ ಹಾಕಬೇಕು, ಅಲ್ಲಿಯವರೆಗೆ ದೀಪಕ್ಕೆ ಮುಸುಕು. ಅವನಿಗೆ ಮೊದಲು ಮಾತಾಡಲು ಬಿಟ್ಟರೆ ನಾವು ಯೋಚಿಸುವುದನ್ನೇ ಬಿಟ್ಟುಬಿಡುತ್ತೇವೆ. ಕೊನೆಯಲ್ಲಿ ಮಾತಾಡಿದರೆ ಅವನಂಥ ನಂಟ ಇನ್ನೊಬ್ಬನಿಲ್ಲ.

ಟೀವಿಯಲ್ಲಿ ದಿನಾ ಜಗಳ ನೋಡುತ್ತೀಯಲ್ಲ, ಈ ಯಂತ್ರಗಳಿಂದ ಲೋಕ ಉದ್ಧಾರವಾಗುತ್ತದೆ ಎಂದು ಒಬ್ಬರು, ಹಾಳಾಗುತ್ತದೆ ಎಂದು ಇನ್ನೊಬ್ಬರು. ನನ್ನನ್ನು ಕೇಳಿದರೆ ಉದ್ಧಾರವೇ ಆಗುತ್ತದೆ ಅನ್ನುತ್ತೇನೆ, ಆದರೆ ನಾವು ಕೈಕಟ್ಟಿ ಕೂರಬಾರದು. ಕೆಲಸ ಬಲ್ಲವರು ಅದರ ಪಕ್ಕದಲ್ಲೇ ಇರಬೇಕು. ಅದಕ್ಕೇ ನಿನ್ನನ್ನು ಕರೆಯುತ್ತಿರುವುದು. ಚೀಟಿ ನೋಡದೆ, ಬರೀ ಕೇಳಿ, ಬಾಟಲಿಯನ್ನು ಬೆರಳಲ್ಲಿ ತಿರುಗಿಸಿ ನೋಡುವ ನಿನ್ನ ಆ ರೀತಿಯನ್ನು ನಾನು ಹೇಳಿಕೊಡಲಾರೆ. ನಾನು ಬರೀ ಬಾಯಿ.

ಮುಂದಿನ ಸೋಮವಾರ ಹೊರಟು ಬಾ. ಬಸ್ ನಿಲ್ದಾಣಕ್ಕೆ ಹೊಸಬಳು ಬರುತ್ತಾಳೆ, ದಾದಿಯರ ವಸತಿಯಲ್ಲಿ ಕೋಣೆ ಹೇಳಿಯಾಗಿದೆ, ಕೆಳಮಹಡಿಯದೇ. ಬಿಳಿ ಕೋಟು ನಿನ್ನ ಅಳತೆಯದು ತೆಗೆಸಿಟ್ಟಿದ್ದೇನೆ, ದಪ್ಪಗಾಗಿದ್ದರೆ ಗುಂಡಿ ಹಾಕಬೇಡ. ನಿನ್ನ ಮೊಮ್ಮಗಳಿಗೆ ನನ್ನ ಮುತ್ತು, ಅವಳು ನೂರು ಕಾಲ ಸುಖವಾಗಿರಲಿ. ಮನೆಯವರಿಗೆಲ್ಲ ನೆನಪು ಹೇಳು. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ ಅಕ್ಕ.

ಇಂತಿ ನಿನ್ನ
ಬಾಯಿ

ತಾ.ಕ.: ಸೊಸೆ ಇಲ್ಲಿಯವರೆಗೆ ಓದಿದ್ದರೆ ಕಾಗದವನ್ನು ಅವಳ ಕೈಯಿಂದ ಇಸಿದುಕೋ. ಇನ್ನು ಮುಂದಿನದನ್ನು ನೀನೇ ಓದು.

ಮೂರನೆಯವನಿಗೆ ಇನ್ನಷ್ಟು ಕಲಿಸಲೆಂದು ನಮ್ಮ ಹನ್ನೆರಡು ವರ್ಷದ ಚೀಟಿಗಳನ್ನೂ ರಿಜಿಸ್ಟರುಗಳನ್ನೂ ಅದಕ್ಕೆ ಉಣಿಸಿದರು. ಚೀಟಿಗೂ ರಿಜಿಸ್ಟರಿಗೂ ತಾಳೆಯಾಗದ ಹದಿನಾಲ್ಕು ಸಾಲುಗಳನ್ನು ಅದು ಹೊರಗೆ ಹಾಕಿತು, ನಿನ್ನ ಕಾರ್ಡು ಬಂದ ದಿನವೇ. ಒಂಬತ್ತನೆಯ ಸಾಲು ಆ ದರ್ಜಿಯದು. ಮಂಗಳವಾರದಿಂದ ಪ್ರಮಾಣ ಅರ್ಧ ಎಂದು ಚೀಟಿಯಲ್ಲಿದೆ. ರಿಜಿಸ್ಟರಿನಲ್ಲಿ ಐದು ದಿನವೂ ಹಳೆಯ ಪ್ರಮಾಣವೇ ಇದೆ, ನನ್ನ ಅಕ್ಷರದಲ್ಲಿ. ವಾರವಿಡೀ ಅದನ್ನೇ ಓದಿ ರೂಢಿಯಾಗಿ, ಹೊಸ ಚೀಟಿ ಕೈಯಲ್ಲಿದ್ದರೂ ನೋಡದೆ ಓದಿದ್ದೆ. ನೀನು ನಾನು ಹೇಳಿದ್ದನ್ನು ಬಾಟಲಿಯಲ್ಲಿ ಹುಡುಕಿದೆ, ಅದೇ ಇತ್ತು, ಸಹಿ ಹಾಕಿದೆ.

ಯಂತ್ರ ಹೇಳುವವರೆಗೆ ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು. ಅದು ಸುಳ್ಳು. ಒಂಬತ್ತು ವರ್ಷದ ಹಿಂದೆ, ದರ್ಜಿಯ ವಿಚಾರಣೆಯ ಹಿಂದಿನ ದಿನವೇ ರಿಜಿಸ್ಟರು ತೆಗೆದು ನೋಡಿದ್ದೆ. ಆದರೂ ಮಾರನೆಯ ದಿನ ವಿಚಾರಣೆಯವರ ಮುಂದೆ ನಿಂತು 'ಅರ್ಧ ಅಂತಲೇ ಓದಿದೆ' ಎಂದೆ. ನೀನು ನನ್ನ ಮುಖ ನೋಡಿ, 'ಇವಳು ಓದಿದ್ದರೆ ಸರಿಯಾಗೇ ಓದಿರ್ತಾಳೆ, ನನ್ನ ಕಣ್ಣೇ ತಪ್ಪಿರಬೇಕು' ಎಂದೆ. ಆಮೇಲೆ ರಿಜಿಸ್ಟರು ಯಾರಿಗೂ ಬೇಕಾಗಲಿಲ್ಲ.

ಯಂತ್ರ ನೋಡಿಕೊಳ್ಳುವ ಎಂಜಿನಿಯರು ಆ ಸಾಲು ತೋರಿಸಿ, 'ತೀರಾ ಹಳೇದು ಮೇಡಂ, ತೆಗೆದುಬಿಡಲಾ?' ಎಂದು ಕೇಳಿದಳು. ಮೂರು ವಾರ ಅವಳಿಗೆ ಉತ್ತರ ಕೊಡಲಿಲ್ಲ, ನಿನಗೂ ಬರೆಯಲಿಲ್ಲ. ಇವತ್ತು ಬೆಳಿಗ್ಗೆ ದೊಡ್ಡ ಡಾಕ್ಟರಿಗೆ ಎಲ್ಲವನ್ನೂ ಬರೆದುಕೊಟ್ಟು ಬೀಗದ ಕೈ ಒಪ್ಪಿಸಿದೆ. ಗುರುವಾರ ವಿಚಾರಣೆ. ನಾಳೆ ದರ್ಜಿಯ ಮನೆಗೆ ಹೋಗುತ್ತೇನೆ. ಅವರಿಗೆ ಬಾಯಲ್ಲಿ ಹೇಳುವ ಹಾಗಿಲ್ಲ, ಬರೆದು ತೋರಿಸಬೇಕು. ನೀನು ಬರುವ ಹೊತ್ತಿಗೆ ನಾನು ಇಲ್ಲಿ ಇರಲಾರೆ. ನೀನು ಬರಲೇಬೇಕು.

ಇಷ್ಟನ್ನೂ ನೀನೇ ಓದಿದೆ ತಾನೇ ಅಕ್ಕ? ನಿನ್ನ ಕಣ್ಣಿಗೆ ಅವತ್ತೂ ಏನೂ ಆಗಿರಲಿಲ್ಲ.