ದಡ್ಡಮ್ಮ

ಫೆಬ್ರವರಿ 3, ಸಂಜೆ

ಯೂನಿಫಾರಂ ಅಂಗಿಗಳಿಗೆ ಕಾಲರ್ ಕೂಡಿಸಿ ಮುಗಿಯಿತು. ಗುಂಡಿ ಹಾಕುವುದು ಗುಬ್ಬಿಯ ಕೆಲಸ. ತಂಗಿಯ ಮಗಳು, ಎರಡನೇ ಕ್ಲಾಸು. ಪುಸ್ತಕ ತೆಗೆದಳು. ಒಳಗಿಡು ಅಂದೆ. ಇಟ್ಟಳು. ಎದುರು ಮಾತಿಲ್ಲ — ಅದೇ ಮೈ ಉರಿಸುತ್ತದೆ.

ಇವಳಮ್ಮ ಹುಟ್ಟಿದಾಗ ನಾನು ನಾಲ್ಕನೇ ಕ್ಲಾಸು. ಮಗು ಎತ್ತಿಕೊಳ್ಳಲು ಯಾರಾದರೂ ಬೇಕಿತ್ತು, ನನ್ನನ್ನು ಸ್ಕೂಲು ಬಿಡಿಸಿದರು. ಆಮೇಲೆ ಓದು ಬರಹ ಕಲಿತದ್ದು ಅವಳ ಹಳೇ ಪುಸ್ತಕ ಕದ್ದು. ನನ್ನ ಸೊಂಟದ ಮೇಲೆ ಬೆಳೆದವಳು ಕಾಲೇಜು ಮುಗಿಸಿ, ಬಂದವರ ಎದುರು ನಗುತ್ತಿದ್ದಳು: "ನಮ್ಮಕ್ಕ ದಡ್ಡಿ, ಸ್ಕೂಲು ಒಗ್ಗಲಿಲ್ಲ." ಹೋದ ವರ್ಷ ಗಂಡನ ಜೊತೆ ಬೈಕಿನಲ್ಲಿ ಹೋದವಳು ಅಪಘಾತದಲ್ಲಿ ಹೋದಳು, ಅವನೂ ಹೋದ. ಒಂದು ಮಾತು ತಿರುಗಿಸಿ ಕೊಡಲೂ ಬಿಡಲಿಲ್ಲ. ಮಗಳನ್ನು ಬಿಟ್ಟು ಹೋಗಿದ್ದಾಳೆ. ಸಾಕು.

ಫೆಬ್ರವರಿ 6

ಟೀಚರ್ ಕರೆಸಿದ್ದರು. ನನಗಿಂತ ಚಿಕ್ಕವರು.

"ಕ್ಲಾಸಲ್ಲಿ ತೂಕಡಿಸ್ತಾಳೆ. ಅಪ್ಪ ಅಮ್ಮ ಇದ್ದಾಗ ಚೆನ್ನಾಗಿ ಓದ್ತಿದ್ದ ಮಗು. ಬುದ್ಧಿ ಎಲ್ಲೂ ಹೋಗಿಲ್ಲ, ಮನೇಲಿ ಯಾರಾದ್ರೂ ಪಕ್ಕದಲ್ಲಿ ಕೂತ್ರೆ ಸಾಕು. ಮಾರ್ಚ್ ಮೂರಕ್ಕೆ ಪರೀಕ್ಷೆ. ಓದೋಕೆ ಬರ್ಲಿಲ್ಲ ಅಂದ್ರೆ ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ."

ಮುಖ ಸಪ್ಪೆ ಮಾಡಿಕೊಂಡು ತಲೆಯಾಡಿಸಿದೆ. ಒಳಗೆ ಹಾಲು ಕುಡಿದಷ್ಟು ಸಂತೋಷ. ಕಾಲೇಜು ಮೆಟ್ಟಿಲು ಹತ್ತಿದವಳ ಮಗಳು ಎರಡನೇ ಕ್ಲಾಸಲ್ಲಿ ಫೇಲು...

ಹೊರಡುವಾಗ ಗುಬ್ಬಿಯ ಸ್ಲೇಟು ತೋರಿಸಿದರು. 'ನಮ್ಮ ಮನೆಯಲ್ಲಿ ದಡ್ಡಮ್ಮ ಇದ್ದಾರೆ.'

"ದೊಡ್ಡಮ್ಮ ಅಂತ ಬರೆಯೋಕೆ ಹೋಗಿದ್ದಾಳೆ, ಒತ್ವ ಬಿಟ್ಟುಹೋಗಿದೆ," ಅಂತ ನಕ್ಕರು.

ನನಗೆ ನಗು ಬರಲಿಲ್ಲ. ಸತ್ತವಳ ನಾಲಿಗೆ ಈ ಹುಡುಗಿಯ ಕೈಗೆ ಬಂದಿದೆ.

ಫೆಬ್ರವರಿ 7

ಬೆಳಿಗ್ಗೆ ಯಜಮಾನರ ಉಪದೇಶ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಲ್ಲೇ. ಅದೇನು ಮಾಡ್ತು ಪಾಪ?"

ಬರೆ ಹಾಕಬಾರದಂತೆ. ಸರಿ. ಸಂಜೆ ಸ್ಲೇಟು ಕೈಗೆ ಕೊಟ್ಟು, ಬರೆ ಅಂದೆ. ದೊಡ್ಡಮ್ಮ ಅಂತ ಬರೆ, ಸ್ಲೇಟು ತುಂಬ. ಪಕ್ಕದಲ್ಲೇ ಕೂತೆ, ತಪ್ಪಿದರೆ ಅಳಿಸಲು. ಬೆರಳು ನೋಯಲಿ.

ಅಳಿಸಿದೆ. ಮತ್ತೆ ಬರೆದಳು. ಅಳಿಸಿದೆ.

ಫೆಬ್ರವರಿ 10

ಎಲ್ಲ ಕಡೆ ಒತ್ವ ನುಂಗುತ್ತಾಳೆ. ಕೊಡೆ ಅಂದರೆ 'ಕಡೆ'. ಇವತ್ತು 'ಕಾಡಿನಲ್ಲಿ ಮಲ ಓಡಿತು'. ಮೊಲವಂತೆ. ನಗು ಬಂತು, ಕೆಮ್ಮಿ ಮುಚ್ಚಿದೆ. ಶಿಕ್ಷೆ ಎಂದರೆ ಶಿಕ್ಷೆ. ನಾಳೆಯೂ ಇದೆ.

ಫೆಬ್ರವರಿ 24

ಅಂಗಿಗಳು ರಾಶಿ ಬಿದ್ದಿವೆ. ಗುಂಡಿ ನಾನೇ ಹಾಕುತ್ತಿದ್ದೇನೆ. ಗುಬ್ಬಿ ಅಂಗಡಿ ಬೋರ್ಡು ಓದುತ್ತಾಳೆ, ಸೋಪಿನ ಕವರು ಓದುತ್ತಾಳೆ. ಊಟಕ್ಕೆ ಕೂತಾಗ ಇವರು ಅಂದರು, "ಒಳ್ಳೇ ಸೇಡು ತೀರಿಸ್ಕೊತಿದ್ದೀಯ ಬಿಡು."

ಅರ್ಧ ಊಟಕ್ಕೇ ಎದ್ದುಬಿಟ್ಟೆ. ಕೊಳ್ಳಿಯಲ್ಲಿ ತಲೆ ಕೆರೆದುಕೊಂಡಿದ್ದೇನೆ. ಅವಳ ಮಗಳನ್ನು ನಾನೇ ಪಾಸು ಮಾಡಿಸುತ್ತಿದ್ದೇನೆ. ಆಗಲೂ ನನ್ನ ಸೊಂಟ, ಈಗಲೂ ನನ್ನ ಸೊಂಟ.

ಫೆಬ್ರವರಿ 25

ಶಿಕ್ಷೆ ಬಂದ್. ಸ್ಲೇಟು ಬೀರುವಿನ ಮೇಲಿಟ್ಟೆ. ಗುಂಡಿಯ ಡಬ್ಬಿ ಅವಳ ಮುಂದಿಟ್ಟೆ.

"ಇವತ್ತು ಬರೆಯೋದು ಇಲ್ವಾ ದೊಡ್ಡಮ್ಮ?"

"ಸರಿಯಾಗಿ ಬರೀತೀಯಲ್ಲ. ಇನ್ಯಾಕೆ?"

ಬದುಕಿದೆ ಅಂತ ಓಡಬೇಕಿತ್ತು. ಮುಖ ಬಾಡಿತು.

ಮಾರ್ಚ್ 1

ಟೀಚರ್ ದಾರಿಯಲ್ಲಿ ಸಿಕ್ಕರು. ಮತ್ತೆ ತೂಕಡಿಸುತ್ತಾಳಂತೆ. ಓದು ಅಂದರೆ ಬಾಯಿ ಬಿಡುವುದಿಲ್ಲವಂತೆ. "ಮಧ್ಯೆ ಎಷ್ಟು ಚೆನ್ನಾಗಿದ್ಲು. ಮನೇಲಿ ಏನಾದ್ರೂ ಆಯ್ತಾ?"

ಏನೂ ಆಗಿಲ್ಲ ಅಂದೆ. ನಾಡಿದ್ದು ಪರೀಕ್ಷೆ. ದಡ್ಡಿ ಯಾರು ಅಂತ ಅವಳಮ್ಮ ಎಲ್ಲಿದ್ದರೂ ನೋಡಲಿ.

ಮಾರ್ಚ್ 2, ಸಂಜೆ

ಅಂಗಿಯ ಗುಂಡಿಗಳಿಗೆ ಕಾಜ ಹೊಲಿಯುತ್ತಿದ್ದೆ. ಗುಬ್ಬಿ ಸ್ಟೂಲು ಹತ್ತಿ ಸ್ಲೇಟು ಇಳಿಸಿಕೊಂಡಿದ್ದಾಳೆ. ತಂದು ಎದುರು ಹಿಡಿದಳು. ದುಂಡಗೆ, ಸ್ಲೇಟು ತುಂಬ — ದಡ್ಡಮ್ಮ, ದಡ್ಡಮ್ಮ, ದಡ್ಡಮ್ಮ.

ಕೈ ಎತ್ತಿದೆ. ಆಗ ಕಣ್ಣಿಗೆ ಬಿತ್ತು. ಕೆಳಗೆ ಮೂಲೆಯಲ್ಲಿ ಸಣ್ಣದಾಗಿ — ಕೊಡೆ, ಮೊಲ. ಎರಡರಲ್ಲೂ ಒತ್ವ ಇದೆ. ಸರಿಯಾಗಿಯೇ ಇದೆ.

"ತಪ್ಪು ಬರ್ದಿದ್ದೀನಿ ದೊಡ್ಡಮ್ಮ," ಅಂದಳು. "ಪಕ್ಕದಲ್ಲಿ ಕೂತ್ಕೊಳ್ಳಿ."

ಏಳಲಿಲ್ಲ. ಸುಮ್ಮನಿದ್ದರೆ ಸಾಕು, ನಾಳೆ ಗೆದ್ದೆ. ಅವಳ ಕಡೆ ನೋಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಎದುರಿಗೇ ನಿಂತಿದ್ದಾಳೆ, ಅಳಿಸುವ ಬಟ್ಟೆಯನ್ನು ನನ್ನ ಕಡೆಗೇ ಚಾಚಿಕೊಂಡು. ಹೋಗು ಅನ್ನಬೇಕು. ಹೋಗು ಅಂತ ಒಂದು ಮಾತು —